ಅವ್ವನ ಕೂಲಿ ಲೆಕ್ಕ

ನನಗೆ ಬೀಜಗಣಿತ ಅಂದರೆ ಬಹಳ ಅಂಜಿಕೆ. ಹೋದ ವಾರ ಅವ್ವ 5 ದಿನ, ಬಾಜೂ ಮನೆ ಚಿಗವ್ವ 4 ದಿನ ಶೇಂಗಾ ಕೀಳಲು ಹೋಗಿದ್ದರು. ದಿನದ ಕೂಲಿ ಎಷ್ಟೆಂದು ಇಬ್ಬರೂ ಕೇಳಿರಲಿಲ್ಲ. ಅವ್ವ ಮೊದಲೇ ತಂದಿದ್ದ ಮುಂಗಡ 300 ರೂಪಾಯಿ ಮುರಿದುಕೊಂಡು, ಇಬ್ಬರಿಗೂ ಸೇರಿ 2400 ಕೊಟ್ಟರು.

"ನಾ ಒಂದಿನ ಹೆಚ್ಚು ದುಡದೀನಿ, ನನಗ ಹೆಚ್ಚು ಬರಬೇಕು" ಅಂದಳು ಅವ್ವ. ಜಗಳವೇ ಆಯಿತು.

ನಾನು ಪಾಟಿ ತಗೊಂಡೆ. ದಿನದ ಕೂಲಿ ಎಕ್ಸ್ ಇರಲಿ.

5ಎಕ್ಸ್ + 4ಎಕ್ಸ್ − 300 = 2400
9ಎಕ್ಸ್ = 2700
ಎಕ್ಸ್ = 300

ಅವ್ವನದು 1500, ಮುಂಗಡ ಕಳೆದರೆ 1200. ಚಿಗವ್ವನದೂ 1200! ಅವ್ವನದೇ ತಪ್ಪು ಅನ್ನಲು ಬಾಯಿ ಬರಲಿಲ್ಲ. ಆದರೂ ಹೇಳಿದೆ. ಅವ್ವ ಸುಮ್ಮನೆ ರೊಕ್ಕ ಎಣಿಸಿ ಕೊಟ್ಟಳು.

ರಾತ್ರಿ "ಆ ಲೆಕ್ಕ ನನಗೂ ಕಲಿಸು" ಅಂದಳು.