ಪಿಯುಸಿಯಲ್ಲಿ ಫ್ರೆಂಚ್ ತಗೋಬೇಕೋ ಬ್ಯಾಡೋ? ನಮ್ಮ ಗೆಳತಿಯ ಕತೆ

ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ನಮ್ಮ ಫೋನುಗಳಿಗೆ ಒಂದಷ್ಟು ಕರೆ ಬರುತ್ತವೆ. ಊರಲ್ಲಿ ‘ಇವರು ನಾಕು ಅಕ್ಷರ ಕಲಿತಾರ, ಬೆಂಗಳೂರು ನೋಡ್ಯಾರ’ ಎಂಬ ಹೆಸರು ಒಮ್ಮೆ ಬಂದರೆ ಸಾಕು, ಕಾಲೇಜು ಯಾವುದು, ಹಾಸ್ಟೆಲ್ ಯಾವುದು, ಎಲ್ಲವನ್ನೂ ನಮ್ಮನ್ನೇ ಕೇಳುತ್ತಾರೆ. ಈ ಸಲ ಹಾನಗಲ್ಲ ತಾಲೂಕಿನ ಒಬ್ಬ ರೈತರು ಕೇಳಿದ ಪ್ರಶ್ನೆ ಮಾತ್ರ ಬೇರೆ ಇತ್ತು.

‘ಮಗಳನ್ನ ಬೆಂಗಳೂರಾಗ ಸೈನ್ಸಿಗೆ ಹಾಕಾಕತ್ತೇವ್ರಿ. ಅಲ್ಲಿ ಕನ್ನಡ ಬದ್ಲಿ ಫ್ರೆಂಚ್ ತಗೊಂಡ್ರ ಮಾರ್ಕ್ಸ್ ಭಾಳ ಬೀಳ್ತಾವಂತ. ಹೌದೇನ್ರಿ?’

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವಂದರೆ ನಾಲ್ಕು ಜನ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ತಾಲೂಕಿಗೊಬ್ಬರು. ಪತ್ರಿಕೋದ್ಯಮದ ತರಗತಿಯಲ್ಲಿ ಕೂಡಿದವರು, ಈಗಲೂ ಕೂಡೇ ಇದ್ದೇವೆ. ನಮ್ಮಲ್ಲಿ ಹಿರೇಕೆರೂರಿನವಳು ಪಿಯುಸಿಯಲ್ಲಿ ಫ್ರೆಂಚ್ ಓದಿದವಳು. ಆ ಎರಡು ವರ್ಷದ ಕತೆಯನ್ನು ರಾತ್ರಿ ಹರಟೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ ಅಂದರೆ, ಅದು ಈಗ ನಾಲ್ವರ ಕತೆಯೂ ಆಗಿದೆ. ಅವಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ.

ಹತ್ತನೇ ಇಯತ್ತೆಯಲ್ಲಿ ಆಕೆಗೆ ಕನ್ನಡದಲ್ಲಿ 125ಕ್ಕೆ 124 ಬಂದಿತ್ತು. ಸರ್ವಜ್ಞನ ಸೀಮೆಯ ಹುಡುಗಿ, ತ್ರಿಪದಿಗಳು ನಾಲಿಗೆಯ ಮೇಲೆ. ಬೆಂಗಳೂರಲ್ಲಿ ಕಾಕಾ ಇದ್ದರು, ಅವರ ಮನೆಯಲ್ಲಿದ್ದು ಸೈನ್ಸ್ ಓದುವುದೆಂದು ಮನೆಯವರು ತೀರ್ಮಾನ ಮಾಡಿದರು. ಪ್ರವೇಶದ ದಿನ ಕೌಂಟರಿನಲ್ಲಿ ಕೂತವರು ಭಾಷೆ ಯಾವುದು ಎಂದು ಕೇಳಿದರು. ಆಕೆ ಕನ್ನಡ ಅನ್ನುವಷ್ಟರಲ್ಲಿ ಅವರೇ, ‘ಸಂಸ್ಕೃತ ಇಲ್ಲ ಫ್ರೆಂಚ್ ತಗೊಳ್ಳಿ, ಸ್ಕೋರಿಂಗು’ ಅಂದರು. ಕಾಕಾ ಪೆನ್ನು ತೆಗೆದು ಫಾರ್ಮಿನಲ್ಲಿ ಫ್ರೆಂಚ್ ಎಂದು ಬರೆದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಏನೂ ಅನ್ನಲಿಲ್ಲ. ಬೆಂಗಳೂರಿನವರಿಗೆ ಗೊತ್ತಿರುತ್ತದೆ ಅಂದುಕೊಂಡರು. ಆಕೆಯನ್ನು ಯಾರೂ ಕೇಳಲಿಲ್ಲ.

ಮೊದಲ ತರಗತಿಯಲ್ಲೇ ಗೊತ್ತಾಯಿತು. ಪುಸ್ತಕ ಮೊದಲ ಪಾಠದಿಂದಲೇ ಶುರುವಾಗಿತ್ತು, ಆದರೆ ತರಗತಿ ಹಾಗೆ ಶುರುವಾಗಲಿಲ್ಲ. ಅಕ್ಕಪಕ್ಕ ಕೂತ ಬಹಳಷ್ಟು ಮಕ್ಕಳು ಸಿಬಿಎಸ್‌ಇ ಶಾಲೆಗಳಲ್ಲಿ ಐದಾರು ವರ್ಷ ಫ್ರೆಂಚ್ ಓದಿ ಬಂದವರು. ಅವರಿಗೆ ಅದು ಮುಂದುವರಿದ ಪಾಠ, ಈಕೆಗೆ ಅಆಇಈ. ‘ಬೋಂಜೂರ್’ ಬಿಟ್ಟರೆ ಏನೂ ಗೊತ್ತಿರಲಿಲ್ಲ. ಬರೆದಂತೆ ಓದುವ ಕನ್ನಡದಿಂದ ಹೋದವಳಿಗೆ ಬರೆದದ್ದರಲ್ಲಿ ಅರ್ಧ ಓದದ ಭಾಷೆ ಎದುರಾಯಿತು. ನಾವು ಪ್ಯಾರಿಸ್ ಅನ್ನುವ ಊರಿಗೆ ಅವರು ‘ಪಾರೀ’ ಅನ್ನುತ್ತಾರೆ, ಕೊನೆಯ ಅಕ್ಷರ ಬರೆಯಲಿಕ್ಕೆ ಮಾತ್ರ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಯಾಕೆ ಅಂದರೆ ಯಾರ ಹತ್ತಿರವೂ ಉತ್ತರ ಇಲ್ಲ, ಬಾಯಿಪಾಠ ಮಾಡಬೇಕು ಅಷ್ಟೇ.

ಟ್ಯೂಶನ್ ಬೇಕಾಯಿತು. ಊರಲ್ಲಿ ಅಪ್ಪ ಆ ವರ್ಷದ ಗೋವಿನಜೋಳದಲ್ಲಿ ಎರಡು ಕ್ವಿಂಟಲ್ ಮಾರಿದ ರೊಕ್ಕ ಅದಕ್ಕೇ ಹೋಯಿತು. ಮಾರ್ಕ್ಸ್ ಸಲೀಸಾಗಿ ಬೀಳುತ್ತವೆ ಎಂದು ತಗೊಂಡ ಭಾಷೆಗೆ ಭೌತಶಾಸ್ತ್ರಕ್ಕಿಂತ ಹೆಚ್ಚು ಹೊತ್ತು ಓದುವ ಪರಿಸ್ಥಿತಿ.

ಆದರೆ ಆಕೆ ಯಾವಾಗಲೂ ಒಂದು ಮಾತು ಸೇರಿಸುತ್ತಾಳೆ, ಅದನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ನಾಲ್ಕೈದು ತಿಂಗಳಾದ ಮೇಲೆ ಆ ಭಾಷೆ ಆಕೆಗೆ ಸೇರತೊಡಗಿತು. ಸೇರಿದ್ದು ಕನ್ನಡದ ದಾರಿಯಿಂದಲೇ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಫ್ರೆಂಚಿನಲ್ಲಿ ಗೆಳತಿಗೆ ‘ತ್ಯು’, ಮಾಸ್ತರರಿಗೆ ‘ವೂ’. ನೀನು, ನೀವು! ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಾತಾಡ್ತೀವಿ, ಮಾತಾಡ್ತೀರಿ ಎಂದು ನಮ್ಮಲ್ಲಿ ಕ್ರಿಯಾಪದದ ಬಾಲ ಬದಲಾಗುವಂತೆ ಅಲ್ಲಿಯೂ ‘ನೂ ಪಾರ್ಲೋಂ’, ‘ವೂ ಪಾರ್ಲೇ’. ಮೂಗಿನಿಂದ ಬರುವ ಸ್ವರ ಬೇರೆಯವರಿಗೆ ಕಷ್ಟವಾದರೆ, ಈಕೆ ಶಿಗ್ಗಾಂವ ಅನ್ನುವಾಗ ಬರುವ ‘ಆಂ’ ನೆನೆಸಿಕೊಂಡು ಹೇಳುತ್ತಿದ್ದಳು. ನಮ್ಮ ಶಿಗ್ಗಾಂವದವನಿಗೆ ಇವತ್ತಿಗೂ ಅದರ ಜಂಬ.

ಎಣಿಕೆ ಇನ್ನೂ ಚಂದ. ಅಲ್ಲಿ ಎಪ್ಪತ್ತಕ್ಕೆ ಬೇರೆ ಹೆಸರಿಲ್ಲ, ಅರವತ್ತು ಹತ್ತು ಅನ್ನಬೇಕು. ಎಂಬತ್ತಕ್ಕೆ ‘ಕಾತ್ರ್ ವ್ಯಾಂ’, ಅಂದರೆ ನಾಲ್ಕು ಇಪ್ಪತ್ತು. ತೊಂಬತ್ತಕ್ಕೆ ನಾಲ್ಕು ಇಪ್ಪತ್ತು ಹತ್ತು. ತರಗತಿಯೆಲ್ಲ ನಕ್ಕಾಗ ಈಕೆಗೆ ನಗು ಬರಲಿಲ್ಲ. ಊರಲ್ಲಿ ಅಮ್ಮ, ಅಂದರೆ ಅಪ್ಪನ ತಾಯಿ, ಕುಳ್ಳು ಎಣಿಸುವಾಗ ಇಪ್ಪತ್ತಾದ ಕೂಡಲೇ ಒಂದು ಹರಳು ತೆಗೆದು ಬದಿಗಿಡುತ್ತಿದ್ದರು. ನಾಲ್ಕು ಹರಳು ಅಂದರೆ ಎಂಬತ್ತು ಕುಳ್ಳು. ಓದು ಬರೆಹ ಬಾರದ ಅಮ್ಮ ಫ್ರೆಂಚ್ ಲೆಕ್ಕ ಮಾಡುತ್ತಿದ್ದರು!

ದ್ವಿತೀಯ ಪಿಯುಸಿಯಲ್ಲಿ ಆಕೆಗೆ ಫ್ರೆಂಚಿನಲ್ಲಿ 100ಕ್ಕೆ 94 ಬಂತು. ಮನೆಯಲ್ಲಿ ಪೇಡೆ ಹಂಚಿದರು. ಆಮೇಲೆ ಸಿಇಟಿ ಬಂತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನು ಅರ್ಧ, ಸಿಇಟಿ ಅಂಕಗಳನ್ನು ಅರ್ಧ ಹಿಡಿಯುತ್ತಾರೆ. ಭಾಷೆಯ ಅಂಕ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆ 94 ರ‍್ಯಾಂಕಿಗೆ ಒಂದು ಚೂರೂ ಸಹಾಯ ಮಾಡಲಿಲ್ಲ. ಅದಕ್ಕೆ ಕೊಟ್ಟ ಹೊತ್ತು ಗಣಿತದಿಂದ ಹೋದದ್ದು ಮಾತ್ರ ರ‍್ಯಾಂಕಿನಲ್ಲಿ ಕಂಡಿತು. ಈ ಮಾತನ್ನು ಪ್ರವೇಶದ ದಿನ ಯಾರಾದರೂ ಹೇಳಬಹುದಿತ್ತು.

ಎಂಜಿನಿಯರಿಂಗ್ ಸೀಟು ಬೇಕಾದಲ್ಲಿ ಸಿಗಲಿಲ್ಲ. ಆಕೆ ಊರಿಗೆ ಬಂದು ಬಿಎ ಸೇರಿದಳು. ಅತಿವೃಷ್ಟಿಯಾದ ಆ ವರ್ಷ ಪಕ್ಕದ ಮನೆಯ ದೊಡ್ಡಪ್ಪ ಬೆಳೆ ಪರಿಹಾರಕ್ಕೆ ತಹಶೀಲ್ದಾರರಿಗೆ ಒಂದು ಅರ್ಜಿ ಬರೆದುಕೊಡವ್ವ ಎಂದು ಬಂದರು. 124 ಅಂಕದ ಹುಡುಗಿ ಬಿಳಿ ಹಾಳೆಯ ಮುಂದೆ ಪೆನ್ನು ಹಿಡಿದು ಕೂತಳು. ಕನ್ನಡ ಮರೆತಿರಲಿಲ್ಲ. ಆದರೆ ಎರಡು ವರ್ಷ ಕನ್ನಡದಲ್ಲಿ ಒಂದು ಪುಟವನ್ನೂ ಬರೆದಿರಲಿಲ್ಲ, ಕೈ ತಡವರಿಸಿತು. ಎರಡು ಹಾಳೆ ಹರಿದು ಹಾಕಿದ ಮೇಲೆ ಮೂರನೆಯದನ್ನು ಕೊಟ್ಟಳು. ದೊಡ್ಡಪ್ಪ ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ‘ಬೆಂಗಳೂರಾಗ ಕಲ್ತಾಕಿ, ಚೊಲೋನ ಬರದಿರ್ತಿ’ ಅಂದರು. ಆ ಮಾತು ತನ್ನನ್ನು ಬಹಳ ದಿನ ಚುಚ್ಚಿತು ಎಂದು ಈಗಲೂ ಹೇಳುತ್ತಾಳೆ.

ಹಾಗಾದರೆ ಬೇರೆ ಭಾಷೆ ಕಲಿಯುವುದೇ ತಪ್ಪೇ? ನಮ್ಮ ಸವಣೂರಿನವನು ಈ ಮಾತಿಗೆ ಒಪ್ಪುವುದಿಲ್ಲ. ಅವನ ಮನೆಯ ಮಾತು ಉರ್ದು. ಏಳನೇ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ನಮ್ಮೆಲ್ಲರಿಗಿಂತ ಚೊಕ್ಕ ಕನ್ನಡ ಬರೆಯುವವನು ಅವನೇ. ‘ಭಾಷೆ ಭಾಷೆನ ತಿನ್ನೂದಿಲ್ಲ. ಬರಿಯೂದು ಬಿಟ್ರ ಭಾಷೆ ಬಿಡತೈತಿ’ ಅನ್ನುತ್ತಾನೆ.

ಅವನ ಊರಿನವರೇ ವಿ.ಕೃ. ಗೋಕಾಕರು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿ, ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿ, ಧಾರವಾಡಕ್ಕೆ ಹೋಗಿ, ಮುಂದೆ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು. ಜೀವನವೆಲ್ಲ ಇಂಗ್ಲಿಷ್ ಪಾಠ ಹೇಳಿದವರು. ಪ್ರೌಢಶಾಲೆಗಳಲ್ಲಿ ಯಾವ ಭಾಷೆ ಪ್ರಥಮ ಭಾಷೆಯಾಗಬೇಕು ಎಂಬ ಜಗಳ ಎದ್ದಾಗ ಸರ್ಕಾರ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದ್ದು ಅವರನ್ನೇ. ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದು 1981ರಲ್ಲಿ ವರದಿ ಬಂತು, 1982ರಲ್ಲಿ ರಾಜಕುಮಾರ್ ಬೀದಿಗಿಳಿದರು, ನಮ್ಮ ಅಪ್ಪಂದಿರೆಲ್ಲ ಆ ಚಳವಳಿಯ ಕತೆ ಹೇಳುತ್ತಾರೆ. ಆವತ್ತಿನ ಜಗಳವೂ ಸುಮಾರು ಇದೇ. ಅಂಕ ಸುಲಭವಾಗಿ ಸಿಗುತ್ತದೆಂದು ಸಂಸ್ಕೃತ ತಗೊಂಡು ಮಕ್ಕಳು ಕನ್ನಡದಿಂದ ದೂರವಾಗುತ್ತಿದ್ದಾರೆ ಎಂಬುದು. ಗೋಕಾಕರು ಬೇರೆ ಭಾಷೆಯ ವೈರಿ ಆಗಿರಲಿಲ್ಲ, ಆಗಿದ್ದರೆ ಆಕ್ಸ್‌ಫರ್ಡಿಗೆ ಹೋಗುತ್ತಿರಲಿಲ್ಲ. ಮನೆಯ ಹೊಸ್ತಿಲು ಕಿತ್ತು ಅಂಗಳದ ಕಟ್ಟೆ ಕಟ್ಟಬಾರದು ಎಂಬಷ್ಟೇ ಅದರ ತಿರುಳು ಎಂದು ನಾವು ತಿಳಿದಿದ್ದೇವೆ.

ಈಗ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ, ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಕಲಿಸಲೇಬೇಕು. ಪಿಯುಸಿಯಲ್ಲಿ ಮಾತ್ರ ಆಯ್ಕೆ ನಿಮ್ಮದು.

ಒಂದು ದಿನ ನಾವು ನಾಲ್ವರೂ ಸವಣೂರಿನ ದೊಡ್ಡ ಹುಣಸಿ ಮರ ನೋಡಲಿಕ್ಕೆ ಹೋಗಿದ್ದೆವು. ನೋಡಿದವರಿಗೆ ಗೊತ್ತು, ಒಬ್ಬಿಬ್ಬರಿಂದ ತಬ್ಬಲಾಗದ ಬುಡ. 2023ರ ಮಳೆಗಾಲದಲ್ಲಿ ಆ ಮೂರರಲ್ಲಿ ಒಂದು ಮರ ಉರುಳಿದಾಗ ಊರಿನವರೆಲ್ಲ ಮನೆಯ ಹಿರಿಯರು ಬಿದ್ದಷ್ಟು ನೊಂದಿದ್ದರು. ನಾವು ಹುಣಸಿ ಅಂದರೂ ಅದು ಹುಣಸೆ ಅಲ್ಲ, ಬಾವೋಬಾಬ್, ಆಫ್ರಿಕದ ಮರ. ಕಾಯಿಯ ತಿರುಳು ಹುಳಿ ಇರುವುದರಿಂದ ನಮ್ಮವರು ಹಾಗೆ ಕರೆದರು. ಅಲ್ಲಿ ನಿಂತು ನಮ್ಮ ಗೆಳತಿ ಹೇಳಿದಳು: ಈ ಮರದ ಶಾಸ್ತ್ರೀಯ ಹೆಸರು ಅಡನ್ಸೋನಿಯ. ಮಿಶೆಲ್ ಅದಾನ್ಸೋಂ ಎಂಬ ಫ್ರೆಂಚ್ ಸಸ್ಯವಿಜ್ಞಾನಿ 18ನೇ ಶತಮಾನದಲ್ಲಿ ಸೆನೆಗಲ್ ದೇಶದಲ್ಲಿ ಕೆಲವು ವರ್ಷ ಇದ್ದು ಇದನ್ನು ಅಭ್ಯಾಸ ಮಾಡಿದ, ಆತನ ಹೆಸರೇ ಮರಕ್ಕೆ ಬಂತು. ಸೆನೆಗಲ್‌ನಲ್ಲಿ ಫ್ರೆಂಚ್ ಇವತ್ತಿಗೂ ಶಾಲೆಯ ಭಾಷೆ. ಫ್ರೆಂಚ್ ಕಲಿಯುವವರೆಲ್ಲ ಓದುವ ‘ಪುಟ್ಟ ರಾಜಕುಮಾರ’ ಎಂಬ 1943ರ ಪುಸ್ತಕದಲ್ಲೂ ಇದೇ ಮರ ಇದೆ. ತನ್ನ ಸಣ್ಣ ಗ್ರಹವನ್ನು ಇದು ಒಡೆದುಹಾಕದಿರಲಿ ಎಂದು ಹುಡುಗನೊಬ್ಬ ದಿನಾ ಬೆಳಿಗ್ಗೆ ಸಸಿ ಕೀಳುತ್ತಾನೆ.

ಮಠದ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬರು ಇದನ್ನೆಲ್ಲ ಕೇಳಿ, ‘ಕೀಳ್ತಾನ? ಯಾಕ ಕೀಳ್ತಾನವ್ವ? ನಾವು ಬಿದ್ದದ್ದನ್ನ ಎತ್ತಿ ನಿಲ್ಲಿಸೇವಿ’ ಅಂದರು. ಎಲ್ಲರೂ ನಕ್ಕೆವು. ಆ ಎರಡು ವರ್ಷದ ಓದು ತನಗೆ ಮೊದಲ ಸಲ ಉಪಯೋಗಕ್ಕೆ ಬಂದದ್ದು ಅವತ್ತು ಎಂದು ಆಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು.

ಹೀಗಾಗಿ ಫೋನ್ ಮಾಡಿದ ಹಾನಗಲ್ಲದವರಿಗೆ ನಾವು ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ.

ಮೊದಲನೆಯದು, ಅಂಕದ ಆಸೆಗೆ ಭಾಷೆ ಬದಲಿಸಬೇಡಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಭಾಷೆಯ ಅಂಕ ಹಿಡಿಯುವುದಿಲ್ಲ, ವೈದ್ಯಕೀಯಕ್ಕೆ ನೀಟ್ ಅಂಕವೇ ಮುಖ್ಯ. ಒಟ್ಟು ಅಂಕ ನೋಡಿ ಬಿಕಾಂ ಸೀಟು ಕೊಡುವ ಕಾಲೇಜುಗಳಲ್ಲಿ ಲೆಕ್ಕ ಬೇರೆ ಇರಬಹುದು, ಕೇಳಿ ತಿಳಿದುಕೊಳ್ಳಿ. ಮುಂದೆ ಕೆಎಎಸ್ ಬರೆಯುವ ಮನಸ್ಸಿದ್ದರೆ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಕಡ್ಡಾಯ ಪತ್ರಿಕೆ ಇರುತ್ತದೆ, ನೆನಪಿರಲಿ.

ಎರಡನೆಯದು, ಪಿಯುಸಿಯಲ್ಲಿ 94 ಬಂದರೆ ಫ್ರೆಂಚ್ ಬಂತು ಎಂದಲ್ಲ. ಹೊರಗೆ ಕೇಳುವುದು ಡೆಲ್ಫ್ ಪರೀಕ್ಷೆ. ಅದರಲ್ಲಿ ಎ1, ಎ2, ಬಿ1, ಬಿ2 ಎಂದು ನಾಲ್ಕು ಮೆಟ್ಟಿಲು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೆ 25 ಅಂಕ. 100ಕ್ಕೆ 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಆಗುವಂತಿಲ್ಲ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ.

ಮೂರನೆಯದು, ಮಗುವಿಗೆ ನಿಜವಾಗಿ ಆಸೆ ಇದ್ದರೆ ತಡೆಯಬೇಡಿ. ಕನ್ನಡ ಇಟ್ಟುಕೊಂಡೇ ಕಲಿಯಬಹುದು. ಬೆಂಗಳೂರಿನಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಊರಲ್ಲಿದ್ದವರಿಗೆ ಫೋನೇ ಶಾಲೆ: ಆರ್‌ಎಫ್‌ಐ ರೇಡಿಯೊದಲ್ಲಿ ಸರಳ ಫ್ರೆಂಚ್ ವಾರ್ತೆ ಬರುತ್ತದೆ, ಟಿವಿ5 ಮೋಂದ್‌ನಲ್ಲಿ ಮೆಟ್ಟಿಲುವಾರು ಪಾಠಗಳು ಪುಕ್ಕಟೆ ಸಿಗುತ್ತವೆ. ನಮ್ಮ ಗೆಳತಿ ಈಗಲೂ ರೊಟ್ಟಿ ಬಡಿಯುವಾಗ ಆ ವಾರ್ತೆ ಹಚ್ಚಿಟ್ಟುಕೊಳ್ಳುತ್ತಾಳೆ.

ಇಷ್ಟನ್ನೂ ಹೇಳಿ ಮುಗಿಸಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನು ಕೈ ಬದಲಾಯಿತು. ಸಣ್ಣ ದನಿ.

‘ಅಕ್ಕಾರ, ಫ್ರೆಂಚಿನ್ಯಾಗ ಎಂಬತ್ತಕ್ಕ ಏನಂತಾರ್ರಿ?’

ನಮ್ಮ ಗೆಳತಿ ಹೇಳಿದಳು. ಅರ್ಥವನ್ನೂ ಹೇಳಿದಳು. ಹುಡುಗಿ ಅದನ್ನು ಎರಡು ಸಲ ಅಂದು ನೋಡಿದಳು, ನಕ್ಕಳು.

‘ಮತ್ತ ನೀ ಏನ್ ತಗೋಬೇಕಂತಿ?’ ಎಂದು ಈಕೆ ಕೇಳಿದಳು.

‘ಇನ್ನೂ ಗೊತ್ತಿಲ್ರಿ. ವಿಚಾರ ಮಾಡ್ತೇನ್ರಿ.’

ಅಪ್ಪ ಮತ್ತೆ ಫೋನು ತಗೊಂಡರು. ‘ನಾಳೆ ಹೋಗ್ತೇವ್ರಿ ಬೆಂಗಳೂರಿಗೆ’ ಅಂದರು. ಒಂದು ಕ್ಷಣ ಬಿಟ್ಟು, ‘ಫಾರ್ಮ್ ಅಕಿನ ತುಂಬ್ಲಿ ತಗೋರಿ’ ಅಂದರು.