ಹತ್ತಿರದ ಕಿವಿ

ಎಂಆರ್‌ಐ ಯಂತ್ರಕ್ಕೆ ಸಲ್ಲುವ ಮರ್ಯಾದೆ ಅದರ ಕಾಯಿಲ್‌ಗೆ, ಅಂದರೆ ಸಂಕೇತ ಹಿಡಿಯುವ ತಂತಿಬಳೆಗೆ, ಸಲ್ಲುವುದಿಲ್ಲ. ಆಸ್ಪತ್ರೆಯ ಫಲಕದಲ್ಲಿ ಅಯಸ್ಕಾಂತದ ಬಲ ‘3 ಟೆಸ್ಲಾ’ ಎಂದು ದಪ್ಪಕ್ಷರದಲ್ಲಿ ರಾರಾಜಿಸುತ್ತದೆ. ಮಂಡಿಗೆ ಕಟ್ಟುವ ಕಾಯಿಲ್ ಎಂಥದ್ದೆಂದು ಯಾರೂ ಬರೆಸುವುದಿಲ್ಲ. ಕಾಯಿಲ್ ಮಾಡಿಯೇ ಅನ್ನ ಉಣ್ಣುವ ನನಗೆ ಇದರಿಂದ ಸಣ್ಣ ಹೊಟ್ಟೆಕಿಚ್ಚು.

ಮಂಡಿನೋವಿಗೆ ಸ್ಕ್ಯಾನ್ ಮಾಡಿಸಿಕೊಂಡು ಬಂದ ನಮ್ಮ ಸೋದರತ್ತೆ ಕೇಳಿದರು: “ಅಲ್ಲ ಕಣೋ, ಅಷ್ಟು ದೊಡ್ಡ ಮಿಷನ್ನಿನೊಳಗೆ ತಳ್ಳಿದ ಮೇಲೂ ಕಾಲಿಗೆ ಇನ್ನೊಂದು ಡಬ್ಬಿ ಯಾಕೋ?” ನನ್ನ ಕಸುಬೆಲ್ಲ ಆ ಪ್ರಶ್ನೆಯಲ್ಲೇ ಇದೆ. ಅಯಸ್ಕಾಂತದೊಳಗೆ ನಮ್ಮ ಮೈಯ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ರೇಡಿಯೋ ಅಲೆಗೆ ಓಗೊಟ್ಟು ತಾವೂ ಕ್ಷೀಣವಾಗಿ ಮಿಡಿಯುತ್ತವೆ, 1.5 ಟೆಸ್ಲಾದಲ್ಲಿ ಸುಮಾರು 64 ಮೆಗಾಹರ್ಟ್ಸ್‌ನಲ್ಲಿ, 3 ಟೆಸ್ಲಾದಲ್ಲಿ 128ರಲ್ಲಿ. ಎಫ್‌ಎಂ ಸ್ಟೇಷನ್‌ಗಳ ಆಚೀಚೆಯ ಕೇರಿ ಅದು. ಯಂತ್ರದ ಗೋಡೆಯೊಳಗಿರುವ ದೊಡ್ಡ ಕಾಯಿಲ್‌ಗೆ ಮಂಡಿಯ ದನಿಯ ಜೊತೆ ಇಡೀ ಮೈಯ ಗದ್ದಲವೂ ಕೇಳಿಸುತ್ತದೆ. ಜಾತ್ರೆಯಲ್ಲಿ ಒಬ್ಬರ ಮಾತು ಕೇಳಬೇಕಾದರೆ ಅವರ ಬಾಯಿಯ ಹತ್ತಿರ ಕಿವಿ ಒಯ್ಯುತ್ತೇವಲ್ಲ, ಡಬ್ಬಿಯೊಳಗಿನ ಸಣ್ಣ ಕಾಯಿಲ್ ಮಾಡುವುದೂ ಅಷ್ಟೇ.

1980ರಲ್ಲಿ ಆಕರ್ಮನ್, ಗ್ಯಾಡಿಯನ್, ರಾಡಾ ಮೊದಲಾದ ವಿಜ್ಞಾನಿಗಳು ಆಕ್ಸ್‌ಫರ್ಡ್‌ನಲ್ಲಿ ಇದನ್ನು ಮಾಡಿ ತೋರಿಸಿದರು. ಜೀವಂತ ಇಲಿಯ ಮೈಮೇಲೆ ಪುಟ್ಟ ತಂತಿಬಳೆಯಿಟ್ಟು, ಅದರ ಕೆಳಗಿನ ಅಂಗದ ಸಂಕೇತವನ್ನಷ್ಟೇ ಹಿಡಿದರು, ಹೈಡ್ರೋಜನ್ನಿನದಲ್ಲ, ರಂಜಕದ್ದು (ಫಾಸ್ಫರಸ್). ಆದರೆ ಬಳೆ ಸಣ್ಣದಾದಷ್ಟೂ ಅದರ ನೋಟ ಆಳಕ್ಕಿಳಿಯದು. ಹೆಚ್ಚೂಕಡಿಮೆ ತನ್ನ ತ್ರಿಜ್ಯದಷ್ಟು ಆಳ ಮಾತ್ರ. ಸಣ್ಣ ಬಳೆಯ ಲಾಭ ಬಿಡದೆ ಹೆಚ್ಚು ಜಾಗ ನೋಡಲು 1990ರಲ್ಲಿ ರೋಮರ್ ಮತ್ತು ಸಂಗಡಿಗರು ಹಲವು ಬಳೆಗಳನ್ನು ಸಾಲಾಗಿ ಜೋಡಿಸಿದರು. ಅಕ್ಕಪಕ್ಕದವು ಒಂದರ ವ್ಯವಹಾರದಲ್ಲಿ ಇನ್ನೊಂದು ತಲೆಹಾಕುವುದು ಸಹಜ. ಒಂದರ ಅಂಚನ್ನು ಇನ್ನೊಂದರ ಮೇಲೆ ಲೆಕ್ಕ ಹಾಕಿ ಹೊಂದಿಸಿದರೆ ಆ ಚಾಳಿ ನಿಲ್ಲುತ್ತದೆ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಎಂಆರ್‌ಐ ಎಂಬುದು ಹುಟ್ಟುವುದಕ್ಕೆ ಬಹಳ ಮುಂಚೆ, 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಕಾಯಿಲ್ ಮೂಲಕ ಹರಿಯುವ ದ್ರವದ ಸಂಕೇತ ನಿಂತ ದ್ರವದ್ದಕ್ಕಿಂತ ಜೋರಾಗುವುದನ್ನು ಕಂಡರು. ಇಂದು ರಕ್ತನಾಳಗಳ ಚಿತ್ರ ತೆಗೆಯುವ ಒಂದು ಬಗೆಗೆ ಅದೇ ತತ್ತ್ವ ಆಧಾರ. ಆ ಸಂಸ್ಥೆಯ ಮರಗಳ ಕೆಳಗೆ ನಡೆಯುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನನ್ನ ಮೇಜಿನ ಮೇಲೆ ಇರುವುದು ಕಾಫಿ ಸಾಸರ್‌ನಷ್ಟಗಲದ ತಾಮ್ರಪಟ್ಟಿಯ ಬಳೆ, ನಡುನಡುವೆ ಬೆಸುಗೆ ಹಾಕಿದ ಕೆಪಾಸಿಟರ್‌ಗಳು. ಅಳೆಯುವ ಉಪಕರಣದ ಪರದೆಯ ಮೇಲೆ ಗೆರೆಯೊಂದು 64 ಮೆಗಾಹರ್ಟ್ಸ್ ಬಳಿ ಗುಂಡಿಯಂತೆ ಇಳಿಯಬೇಕು. ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ಕೆಪಾಸಿಟರೊಂದನ್ನು ಕೂದಲೆಳೆಯಷ್ಟು ತಿರುಗಿಸಿ ಅದನ್ನು ಕೂರಿಸುತ್ತೇನೆ. ಮೈಯ ಬದಲಿಗೆಂದು ಉಪ್ಪುನೀರಿನ ಬಾಟಲಿ ಹತ್ತಿರ ತಂದರೆ ಸಾಕು, ಗುಂಡಿ ಅಗಲವಾಗಿ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಖಾಲಿ ಬಳೆಯನ್ನು ಎಷ್ಟು ಚೆನ್ನಾಗಿ ಶ್ರುತಿ ಮಾಡಿದರೂ ಉಪಯೋಗವಿಲ್ಲ. ಮೈ ಜೊತೆಗಿದ್ದಾಗ ಶ್ರುತಿ ಸೇರಬೇಕು.

ಸೋದರತ್ತೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ಕ್ಯಾನ್‌ಗೆ ಮಲಗಿದಾಗ ತಂತ್ರಜ್ಞರು ಆ ಡಬ್ಬಿಯನ್ನು ಬಿಗಿಯಾಗಿ ಕಟ್ಟಿದರೆ ಗೊಣಗಬೇಡಿ. ಹತ್ತಿರವಿದ್ದಷ್ಟೂ ಚಿತ್ರ ಸ್ಪಷ್ಟ. ಅದರ ಕೇಬಲ್ ಮೈಗೆ ತಾಗದಂತೆ ನೋಡಿಕೊಳ್ಳಿ, ಕೈಗಳನ್ನು ಹೆಣೆದುಕೊಳ್ಳಬೇಡಿ: ಮೈ ಬಳೆಯಾದರೆ ಅದರಲ್ಲೂ ವಿದ್ಯುತ್ ಹರಿದು ಸುಟ್ಟಗಾಯವಾಗಬಹುದು. ಬಿಸಿ ಎನಿಸಿದರೆ ತಕ್ಷಣ ಕರೆಗಂಟೆ ಒತ್ತಿ ತಂತ್ರಜ್ಞರನ್ನು ಕರೆಯಿರಿ.