ನಾವುಂದದ ವರ್ಷಚಕ್ರ

ಕುಂದಾಪುರದಿಂದ ಬಡಗಣಕ್ಕೆ ಭಟ್ಕಳದ ಹೆದ್ದಾರಿಯನ್ನು ಹಿಡಿದು ಸುಮಾರು 20 ಕಿಲೋಮೀಟರು ಸಾಗಿದರೆ ನಾವುಂದ ಗ್ರಾಮವು ದೊರೆಯುವುದು. ಮೊದಲು ಕುಂದಾಪುರ ತಾಲೂಕಿಗೆ ಸೇರಿದ್ದ ಈ ಊರು 2018ರಿಂದ ಬೈಂದೂರು ತಾಲೂಕಿನಲ್ಲಿದೆ. ಇದರ ನೆರೆಯ ಮರವಂತೆಯಲ್ಲಿ ರಸ್ತೆಯ ಪಡುವಣಕ್ಕೆ ಅರಬ್ಬೀ ಸಮುದ್ರವೂ ಮೂಡಣಕ್ಕೆ ಸೌಪರ್ಣಿಕಾ ನದಿಯೂ ಇರುವ ನೋಟವನ್ನು ಕಾಣಲು ನಾನಾ ಕಡೆಗಳಿಂದ ಜನರು ಬರುವರು. ಬಂದವರಲ್ಲಿ ಬಹುಮಂದಿ ಬೇಸಗೆಯ ರಜೆಯಲ್ಲಿ ಬಂದು, ಅರ್ಧ ಗಂಟೆ ನಿಂತು, ಚಿತ್ರ ತೆಗೆದುಕೊಂಡು ಮುಂದೆ ಸಾಗುವರು. ಅವರಿಗೆ ದೊರೆಯುವುದು ನೋಟವೇ ಹೊರತು ಊರಲ್ಲ. ಈ ಸೀಮೆಯ ಬಾಳು ಮಳೆಯ ಲೆಕ್ಕದಲ್ಲಿ ನಡೆಯತಕ್ಕದ್ದು. ಆ ಲೆಕ್ಕವನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯನ್ನು ಹಾದು ಬರುವ ಸೌಪರ್ಣಿಕೆಯು ಮರವಂತೆಯಲ್ಲಿ ಕಡಲಿಗೆ ಕೂಗಳತೆಯಷ್ಟು ಸಮೀಪಕ್ಕೆ ಬಂದರೂ ಅದನ್ನು ಸೇರದೆ, ತೆಂಕಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಗೆ ಹೋಗುವುದು. ಘಟ್ಟದಲ್ಲಿ ಆಷಾಢದ ಮಳೆ ಬಲವಾಗಿ ಸುರಿದಾಗ ಹೊಳೆಯ ಬದಿಯ ತಗ್ಗುಭೂಮಿಯೆಲ್ಲ ನೀರಾಗುವುದು. ನಾವುಂದದ ಸಾಲ್ಬುಡದಲ್ಲಿ ನೆರೆಯು ಮನೆಗಳನ್ನು ಸುತ್ತಿದಾಗ ಅಲ್ಲಿಯವರಿಗೆ ದೋಣಿಯೇ ದಾರಿ. ಅದೇ ದಿನಗಳಲ್ಲಿ ಕಡಲು ದಡವನ್ನು ಕೊರೆಯುವುದು. ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷಿದ್ಧವು. ನಾಡದೋಣಿಯವರು ಮಾತ್ರ ಕಡಲಿನ ಮುಖ ನೋಡಿಕೊಂಡು ಇಳಿಯುವರು.

ಇಂತಹ ಕಾಲದಲ್ಲಿಯೇ ಇಲ್ಲಿಯ ದೊಡ್ಡ ಜಾತ್ರೆಯು ಬರುವುದು. ಕರ್ಕಾಟಕ ಅಮಾವಾಸ್ಯೆಯ ದಿನ ರೈತರೂ ಮೊಗವೀರರೂ ಮರವಂತೆಯ ವರಾಹಸ್ವಾಮಿಯ ಸನ್ನಿಧಿಯಲ್ಲಿ ನೆರೆಯುವರು. ನವವಿವಾಹಿತ ದಂಪತಿಗಳು ಸಮುದ್ರಸ್ನಾನ ಮಾಡಿ ದೇವರ ದರ್ಶನ ಪಡೆಯುವುದು ರೂಢಿ. ಗದ್ದೆಯಲ್ಲಿ ನೆಟ್ಟ ಪೈರು ನೀರುಪಾಲಾಗದಿರಲಿ, ಕಡಲಿಗೆ ಇಳಿದವರು ಮನೆಗೆ ಮರಳಲಿ ಎಂಬ ಪ್ರಾರ್ಥನೆಗೆ ಹೊಳೆಗೂ ಕಡಲಿಗೂ ನಡುವಿನ ಈ ಕಿರುನೆಲಕ್ಕಿಂತ ತಕ್ಕ ಸ್ಥಳವುಂಟೇ? ಇದೇ ಆಸಾಡಿ ಅಮಾವಾಸ್ಯೆಯನ್ನು 2019ರಿಂದ ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಪರಊರುಗಳಲ್ಲಿರುವ ಈ ಸೀಮೆಯವರೂ ಆಚರಿಸುತ್ತಿರುವರು.

ಅಂದು ಬೆಳಗ್ಗೆ ಬರಿಹೊಟ್ಟೆಯಲ್ಲಿ ಹಾಲೆಮರದ ತೊಗಟೆಯ ಕಹಿ ಕಷಾಯವನ್ನು ಕುಡಿಯುವ ವಾಡಿಕೆ ಕರಾವಳಿಯಲ್ಲುಂಟು. ಮರದ ಗುರುತು ಬಲ್ಲವರಲ್ಲದೆ ಇತರರು ತೊಗಟೆಯನ್ನು ತರಕೂಡದು. ವಿಷದ ಕಾಸರಕವನ್ನು ತಂದು ಕುಡಿದು ಪ್ರಾಣಾಪಾಯಕ್ಕೆ ಸಿಲುಕಿದವರುಂಟು. ತರಕಾರಿ ದುರ್ಲಭವಾದ ಈ ತಿಂಗಳುಗಳಲ್ಲಿ ಚಗಟೆ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕೂಡಿಟ್ಟ ಹಲಸಿನ ಬೀಜ, ಬೇಸಗೆಯಲ್ಲಿ ಒಣಗಿಸಿಟ್ಟ ಹಪ್ಪಳ ಇವೇ ಕುಚ್ಚಲಕ್ಕಿ ಗಂಜಿಗೆ ಜೊತೆ. ನಾಗರಪಂಚಮಿಗೆ ಅರಿಶಿನದೆಲೆಯಲ್ಲಿ ಬೇಯಿಸಿದ ಕಡುಬಿನ ಪರಿಮಳವು ಮನೆಯೆಲ್ಲ ತುಂಬುವುದು.

ಮಳೆಯು ಹಿಂಜರಿದು ತೆನೆ ಬಲಿತೊಡನೆ ಹೊಸ್ತಿನ ಹಬ್ಬ. ಗದ್ದೆಯಿಂದ ಕದಿರನ್ನು ಗೌರವದಿಂದ ಮನೆಗೆ ತಂದು, ಪೂಜಿಸಿ, ಕಂಬಕ್ಕೂ ಬಾಗಿಲಿಗೂ ಕಟ್ಟಿ, ಹೊಸ ಅಕ್ಕಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವರು. ದೀಪಾವಳಿಯ ಸಂಜೆ ಗದ್ದೆಗೆ ದೀಪ ಕೊಂಡೊಯ್ದು ಬಲೀಂದ್ರನನ್ನು ಕೂಗಿ ಕರೆಯುವರು. ಕೋಟೇಶ್ವರದ ಕೊಡಿಹಬ್ಬದಿಂದ ನವದಂಪತಿಗಳು ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವರು. ಮಕರಸಂಕ್ರಮಣದ ಮಾರಣಕಟ್ಟೆ ಜಾತ್ರೆಗೆಂದೇ ಹೆಮ್ಮಾಡಿಯ ರೈತರು ಸೇವಂತಿಗೆಯನ್ನು ಬೆಳೆಸುವರು. ಜನವರಿಯಲ್ಲಿ ಆ ಹೊಲಗಳು ಹಳದಿಯಾಗಿರುವುವು. ರಾತ್ರಿಗಳಲ್ಲಿ ಬಡಗುತಿಟ್ಟಿನ ಯಕ್ಷಗಾನ. ಫಾಲ್ಗುಣದಲ್ಲಿ ಕೊಲ್ಲೂರಿನ ರಥೋತ್ಸವ.

ಮನೆಮಂದಿಯೊಡನೆ ಹೊರಡುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದು. ಜಾತ್ರೆಯ ದಿನವೂ ಊರವರು ತೋರಿಸಿದಲ್ಲಿಯೇ ದಡದ ಅಂಚಿನಲ್ಲಿ ಸ್ನಾನ ಮಾಡತಕ್ಕದ್ದು. ನೆರೆಯನ್ನು ವಿನೋದವೆಂದು ನೋಡಲು ಹೋಗಲಾಗದು. ಅದು ಮನೆ ಬಿಟ್ಟವರ ಕಷ್ಟವು. ಅವಸರವಿಲ್ಲದವರು ನವರಾತ್ರಿಯ ಆಸುಪಾಸಿನಲ್ಲಿ ಬರಲಿ. ಆಗ ಹೊಳೆ ತಿಳಿಯಾಗಿರುವುದು, ದೋಣಿಗಳು ಕಡಲಿಗೆ ಇಳಿದಿರುವುವು, ಗದ್ದೆಯಲ್ಲಿ ಕದಿರಿರುವುದು. ಆ ವರ್ಷದ ಮಳೆಯನ್ನು ದಾಟಿದ ಬಗೆಯನ್ನು ಹೇಳಲು ಊರವರಿಗೂ ಬಿಡುವಿರುವುದು.